ಕೋಟೆ ಕೆರೆ ದಂಡೆಯಲ್ಲಿ ತ್ರಿಕೋನಮಿತಿ

ಹತ್ತನೇ ತರಗತಿಯಲ್ಲಿ ತ್ರಿಕೋನಮಿತಿ ಶುರುವಾದ ದಿನವೇ ಬೋರ್ಡಿನ ತುಂಬ ಸೈನ್, ಕಾಸ್, ಟ್ಯಾನ್ ಬೆಲೆಗಳ ಕೋಷ್ಟಕ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಅಂಕವನ್ನೂ ಗಳಿಸುತ್ತಾರೆ. ಟ್ಯಾನ್ 30 ಡಿಗ್ರಿ ಅಂದರೇನು ಎಂದು ಕೇಳಿದರೆ ಮಾತ್ರ ‘ಒಂದು ಬೈ ರೂಟ್ ಮೂರು’ ಎಂದು ಹೇಳಿ ಸುಮ್ಮನಾಗುತ್ತಾರೆ.

ಖಾನಾಪುರದ ಮಕ್ಕಳಿಗೆ ಇದರ ಉತ್ತರ ತಲೆಯ ಮೇಲೇ ಇದೆ. ಘಟ್ಟದ ಮಳೆ ಹೊಯ್ಯುವ ಈ ತಾಲ್ಲೂಕಿನಲ್ಲಿ ಹಂಚಿನ ಚಾವಣಿಗೆ ಒಳ್ಳೆಯ ಇಳಿಜಾರು ಬೇಕೇ ಬೇಕು. ಇಳಿಜಾರು 30 ಡಿಗ್ರಿ ಇದ್ದರೆ, ಸೂರಿನಿಂದ ಒಳಕ್ಕೆ 1 ಮೀಟರ್ ಸರಿದಾಗ ಚಾವಣಿ 58 ಸೆಂ.ಮೀ. ಏರಿರುತ್ತದೆ. 2 ಮೀಟರಿಗೆ 115, 3 ಮೀಟರಿಗೆ 173. ಎಲ್ಲಿ ಅಳೆದು ಭಾಗಿಸಿದರೂ ಸುಮಾರು 0.58! ಮನೆ ದೊಡ್ಡದಿರಲಿ, ಸಣ್ಣದಿರಲಿ, ಇಳಿಜಾರು ಅದೇ ಆದರೆ ಅನುಪಾತವೂ ಅದೇ. ಇದನ್ನು ಮಕ್ಕಳೇ ಕಂಡುಕೊಂಡ ಮೇಲೆ ಟ್ಯಾನ್ ಎಂಬ ಹೆಸರು ಹೇಳಿಕೊಡಬೇಕು. ಸೂತ್ರ ಆಮೇಲೆ ಬರಲಿ.

ಬೆಳಗಾವಿಯ ಮಕ್ಕಳಿಗೆ ಕೋಟೆ ಕೆರೆಯ ಧ್ವಜಸ್ತಂಭವಿದೆ. 2018ರಲ್ಲಿ ನಿಂತ ಅದರ ಎತ್ತರ 110 ಮೀಟರ್. ಕೋನಮಾಪಕಕ್ಕೆ ಜ್ಯೂಸ್ ಕುಡಿಯುವ ಕೊಳವೆ ಅಂಟಿಸಿ, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಉನ್ನತ ಕೋನ ಅಳೆಯುವ ಸಾಧನ ಸಿದ್ಧ. ಬುಡದಿಂದ 110 ಮೀಟರ್ ದೂರ ನಿಂತರೆ 45 ಡಿಗ್ರಿ ಬರಬೇಕಲ್ಲ, ತುಸು ಕಡಿಮೆ ಏಕೆ? ನೋಡುವ ಕಣ್ಣು ನೆಲದಿಂದ ಒಂದೂವರೆ ಮೀಟರ್ ಮೇಲಿದೆ! ಪರೀಕ್ಷೆಯ ಲೆಕ್ಕಗಳಲ್ಲಿ ಮಕ್ಕಳು ಕೂಡಿಸಲು ಮರೆಯುವುದು ಇದನ್ನೇ. ಕೋನ ಒಂದು ಡಿಗ್ರಿ ತಪ್ಪಿದರೆ ಉತ್ತರ 4 ಮೀಟರಿನಷ್ಟು ಆಚೀಚೆ ಆಗುತ್ತದೆ. ಹಾಗಾಗಿ ಒಂದೊಂದು ಗುಂಪಿನ ಉತ್ತರ ಒಂದೊಂದು ಥರ. ಯಾರದು ಸರಿ ಎಂದು ಅವರೇ ವಾದಿಸಲಿ. ಮೇಷ್ಟ್ರು ಆಗ ತಡೆದುಕೊಂಡು ಕೇಳಿಸಿಕೊಳ್ಳುವುದೇ ಕಷ್ಟದ ಕೆಲಸ. ಬುಡದತನಕ ಟೇಪು ಎಳೆಯಲು ಆಗದಿದ್ದರೆ ಇನ್ನೂ ಒಳ್ಳೆಯದು, ಎರಡು ಕಡೆ ನಿಂತು ಎರಡು ಕೋನ ಅಳೆಯುವ ಲೆಕ್ಕಕ್ಕೆ ಆಗ ಅರ್ಥ ಬರುತ್ತದೆ.

ಖಾನಾಪುರದಲ್ಲಿ ಎಷ್ಟೋ ಮಕ್ಕಳ ಮನೆಮಾತು ಮರಾಠಿ. ಗುಂಪಿನಲ್ಲಿ ಚರ್ಚೆ ಮರಾಠಿಯಲ್ಲೇ ನಡೆಯಲಿ, ಬರೆಯುವಾಗ ಶಾಲೆಯ ಮಾಧ್ಯಮಕ್ಕೆ ಬಂದರಾಯಿತು.

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ‘ನಲಿ-ಕಲಿ’ ಚಿಕ್ಕ ತರಗತಿಗಳಿಗೆ ಚಟುವಟಿಕೆ ತಂದಿತು. ಪ್ರೌಢಶಾಲೆಗೆ ಬರುವ ಹೊತ್ತಿಗೆ ಆ ಖುಷಿ ಉಳಿಯುವುದಿಲ್ಲ. ಪಾಠ ಮುಗಿಸುವ ಒತ್ತಡ ಸುಳ್ಳಲ್ಲ, ನಿಜ. ಆದರೂ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 20 ಅಂಕಗಳಿವೆ. ನೋಡಿ ನಕಲು ಮಾಡಿದ ಪ್ರಾಜೆಕ್ಟಿಗೆ ಅವನ್ನು ಕೊಡುವ ಬದಲು, ಮಗು ತಾನೇ ಅಳೆದು, ತಪ್ಪಿ, ತಿದ್ದಿ ಬರೆದ ಒಂದು ಹಾಳೆಗೆ ಕೊಡಬಹುದು.