ಪರದೆಯ ಮೇಲಿನ ಸಂದರ್ಶನ, ಕಾಣದ ಆಸ್ಪತ್ರೆ

ನಮ್ಮ ಮನೆಗಳ ಯುವ ವೈದ್ಯರಲ್ಲಿ ಕೆಲವರು ಎಂ.ಬಿ.ಬಿ.ಎಸ್. ಮುಗಿಸಿ ಅಮೆರಿಕದ ‘ರೆಸಿಡೆನ್ಸಿ’ ತರಬೇತಿಗೆ ಅರ್ಜಿ ಹಾಕುವುದು ಹೊಸ ಸಂಗತಿಯೇನಲ್ಲ. 2020ಕ್ಕೆ ಮುಂಚೆ ಇದಕ್ಕಾಗಿ ಚಳಿಗಾಲದಲ್ಲಿ ಸಮುದ್ರ ದಾಟಿ, ಊರಿಂದೂರಿಗೆ ಅಲೆದು ಸಂದರ್ಶನ ಕೊಡಬೇಕಿತ್ತು. ವೀಸಾ, ವಿಮಾನ, ವಸತಿಗಳಿಗಾಗಿ ಸಾಲ ಮಾಡಿದ ಪಾಲಕರನ್ನು ನಾವು ಬಲ್ಲೆವು. ಆ ವರ್ಷ ಕೋವಿಡ್ ಬಂದಾಗ ಅಲ್ಲಿಯ ವೈದ್ಯಕೀಯ ಕಾಲೇಜುಗಳ ಒಕ್ಕೂಟವು ಸಂದರ್ಶನಗಳನ್ನು ಗಣಕಯಂತ್ರದ ಪರದೆಯ ಮೇಲೆಯೇ ನಡೆಸುವಂತೆ ಸಲಹೆ ಮಾಡಿತು. ಸಾಂಕ್ರಾಮಿಕ ತಗ್ಗಿದ ಮೇಲೂ ಬಹುಪಾಲು ಆಸ್ಪತ್ರೆಗಳು ಈ ಪದ್ಧತಿಯನ್ನು ಬಿಟ್ಟಿಲ್ಲ.

ಖರ್ಚು ಉಳಿಯಿತು, ನಿಜ. ಆದರೆ ಸಂದರ್ಶನವು ಮನೆಯೊಳಗೇ ಬಂದು ಕುಳಿತಿದೆ. ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬೆಳಗಿನ 8 ಗಂಟೆಯೆಂದರೆ ನಮಗೆ ಸಂಜೆ 6:30; ಕ್ಯಾಲಿಫೋರ್ನಿಯದ 8 ಗಂಟೆಯೆಂದರೆ ರಾತ್ರಿ 9:30. ದಾವಣಗೆರೆಯ ಒಂದು ಮನೆಯಲ್ಲಿ ಮಗಳು ಕೋಟು ತೊಟ್ಟು ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದಳು. ತಾಯಿ ಕುಕ್ಕರ್ ಕೂಗೀತೆಂದು ಒಲೆಯನ್ನೇ ಹಚ್ಚಿರಲಿಲ್ಲ. ತಂದೆ ಬಾಗಿಲಲ್ಲಿ ನಿಂತು ಬಂದವರನ್ನು ಕೈಸನ್ನೆಯಿಂದಲೇ ಕಳಿಸುತ್ತಿದ್ದರು. (ನಾವೂ ಹಾಗೆ ಕಳಿಸಲ್ಪಟ್ಟವರೇ!) ನಡುವೆ ವಿದ್ಯುತ್ ಹೋಗಿ, ಇನ್ವರ್ಟರ್ ಹತ್ತಿಕೊಳ್ಳುವಷ್ಟರಲ್ಲಿ ಸಂಪರ್ಕ ಕಡಿಯಿತಂತೆ. “ನಿಲ್ಲಿಸಿದಲ್ಲಿಂದಲೇ ಮುಂದುವರಿಸಿದೆ. ಆದರೆ ಅವರಿಗೆ ಏನನ್ನಿಸಿತೋ ಮುಖ ನೋಡಿ ತಿಳಿಯಲಿಲ್ಲ” ಎಂದು ಆಕೆ ಮರುದಿನ ಹೇಳಿದಳು.

ತಿಳಿಯುವುದಾದರೂ ಹೇಗೆ? ಎದುರಿನವರನ್ನು ದಿಟ್ಟಿಸಿದಂತೆ ತೋರಬೇಕಾದರೆ ಕ್ಯಾಮರಾದ ಕಿಂಡಿಯನ್ನು ನೋಡಬೇಕು. ಕಿಂಡಿಯನ್ನು ನೋಡಿದರೆ ಅವರ ಮುಖ ತಪ್ಪಿಹೋಗುತ್ತದೆ. ಇದಕ್ಕಿಂತ ದೊಡ್ಡ ತೊಡಕು ಬೇರೆಯಿದೆ. ಇಂಟರ್ನಲ್ ಮೆಡಿಸಿನ್ ವಿಭಾಗವಾದರೆ ಮೂರು ವರ್ಷ ಹಗಲಿರುಳು ದುಡಿಯಬೇಕಾದ ವಾರ್ಡುಗಳನ್ನು ಕಾಣದೆಯೇ ಅಭ್ಯರ್ಥಿಯು ತನಗೆ ಬೇಕಾದ ಆಸ್ಪತ್ರೆಗಳ ಕ್ರಮಪಟ್ಟಿ ಸಲ್ಲಿಸಬೇಕು. ಆಸ್ಪತ್ರೆಗಳೂ ಅಭ್ಯರ್ಥಿಗಳ ಪಟ್ಟಿ ಕೊಡುತ್ತವೆ. ಎರಡನ್ನೂ ಗಣಕಯಂತ್ರ ತಾಳೆ ಹಾಕಿದ ಮೇಲೆ ಮಾರ್ಚ್ ತಿಂಗಳಲ್ಲಿ ಫಲಿತಾಂಶ. ಹೊಂದಿಕೆಯಾದ ಸ್ಥಾನಕ್ಕೆ ಇಬ್ಬರೂ ಬದ್ಧರು. ಮನಸ್ಸಿಗೆ ಬರಲಿಲ್ಲವೆಂದು ಬಿಡುವಂತಿಲ್ಲ. ವರನನ್ನು ಭಾವಚಿತ್ರದಲ್ಲಿಯೇ ನೋಡಿ ಒಪ್ಪುತ್ತಿದ್ದ ಕಾಲ ನೆನಪಾಗುತ್ತದೆ ಎಂದು ಆಕೆಯ ಅಜ್ಜಿ ನಕ್ಕರು.

ಆದರೆ ಹುಡುಗಿ ಜಾಣೆ. ಬಹಳಷ್ಟು ಆಸ್ಪತ್ರೆಗಳು ಸಂದರ್ಶನದ ಜೊತೆಗೆ, ಈಗಾಗಲೇ ತರಬೇತಿಯಲ್ಲಿರುವ ವೈದ್ಯರೊಡನೆ ಪ್ರತ್ಯೇಕ ಮಾತುಕತೆಗೆ ಅವಕಾಶ ಕೊಡುತ್ತವೆ. ಅಲ್ಲಿ ಆಕೆ ಒಂದೇ ಪ್ರಶ್ನೆ ಕೇಳಿದಳಂತೆ: ರಾತ್ರಿ ಪಾಳಿಯಲ್ಲಿ ರೋಗಿಯ ಸ್ಥಿತಿ ಕೆಟ್ಟರೆ ಹಿರಿಯರನ್ನು ಎಬ್ಬಿಸಲು ನಿಮಗೆ ಅಂಜಿಕೆಯಾಗುತ್ತದೆಯೇ? ಒಂದು ಆಸ್ಪತ್ರೆಯವರು ಥಟ್ಟನೆ ಇಲ್ಲವೆಂದರು. ಮತ್ತೊಂದರವರು ಕ್ಷಣಕಾಲ ಸುಮ್ಮನಾದರು. ಹೆಸರಿನಲ್ಲಿ ದೊಡ್ಡದಾಗಿದ್ದ ಆ ಎರಡನೆಯದನ್ನು ಆಕೆ ಪಟ್ಟಿಯ ಕೆಳಗೆ ಬರೆದಳು.