ಕಣ್ಣಿನ ಪೊರೆ: ಹೆಸರು, ಮದ್ದು ಮತ್ತು ಶಸ್ತ್ರ

ಜನಪದ ವೈದ್ಯವನ್ನು ಕುರಿತ ನಮ್ಮ ಸಂಗ್ರಹಗಳಲ್ಲಿ ಕಣ್ಣಿನ ಪೊರೆಗೆ ಹೇಳಿದ ಮದ್ದುಗಳಿಗೆ ಬರವಿಲ್ಲ. ನಂದಿಬಟ್ಟಲು ಹೂವಿನ ರಸ, ಜೇನುತುಪ್ಪ, ಎದೆಹಾಲು, ತೇಯ್ದ ಚಿಲ್ಲದ ಬೀಜ ಮೊದಲಾದವು ಮತ್ತೆ ಮತ್ತೆ ಎದುರಾಗುತ್ತವೆ. ವಕ್ತೃಗಳು ಹೇಳಿದಂತೆಯೇ ಇವನ್ನು ದಾಖಲಿಸುವುದು ಸರಿಯಾದ ಕ್ರಮವೇ. ಆದರೆ ಶಸ್ತ್ರವಿಲ್ಲದೆ ಮದ್ದಿನಿಂದಲೇ ಪೊರೆ ಹೋಗುತ್ತದೆಂಬ ನಂಬಿಕೆ ಯಾವ ತರ್ಕದ ಮೇಲೆ ನಿಂತಿದೆ ಎಂಬುದನ್ನೂ ವಿಚಾರಿಸಬೇಕಾಗುತ್ತದೆ.

ಉತ್ತರದ ಬಹುಪಾಲು ಹೆಸರಿನಲ್ಲಿಯೇ ಇದೆ. ಪೊರೆಯೆಂದರೆ ಮೇಲೆ ಕವಿದ ತೆಳುಪದರ. ಹಾವು ಕಳಚುವುದೂ ಪೊರೆಯನ್ನೇ. ಮೇಲೆ ಕವಿದದ್ದನ್ನು ತೊಳೆಯಬಹುದು, ಕರಗಿಸಬಹುದು, ಕಳಚಬಹುದು. ಚಿಲ್ಲದ ಬೀಜದ ಬಳಕೆಯಲ್ಲಿ ಈ ತರ್ಕ ಸ್ಪಷ್ಟವಾಗಿದೆ. ಗಡಿಗೆಯ ಒಳಮೈಗೆ ಈ ಬೀಜವನ್ನು ಉಜ್ಜಿ ಬಗ್ಗಡದ ನೀರು ತುಂಬಿದರೆ ಕೆಸರು ತಳಕ್ಕಿಳಿದು ನೀರು ತಿಳಿಯಾಗುತ್ತದೆ. ಇದು ಪ್ರತ್ಯಕ್ಷವಾದ ಅನುಭವ. ಕದಡಿದ ನೀರನ್ನು ತಿಳಿಗೊಳಿಸುವ ಬೀಜ ಕದಡಿದ ಕಣ್ಣನ್ನೂ ತಿಳಿಗೊಳಿಸೀತೆಂಬ ಊಹೆ ಅದರಿಂದ ಹುಟ್ಟಿದೆ. ಫ್ರೇಜರ್ ಹೇಳುವ ಅನುಕರಣಾತ್ಮಕ ಮಾಟವೆಂದು ಇದನ್ನು ಬದಿಗಿಡುವುದು ಸುಲಭ. ಆದರೆ ಇದರ ಹಿಂದಿನ ವೀಕ್ಷಣೆ ನಿಜ, ಹೋಲಿಕೆ ಮಾತ್ರ ತಪ್ಪು.

ಏಕೆಂದರೆ ಪೊರೆ ಕಣ್ಣಿನ ಮೇಲಿಲ್ಲ. ಪಾಪೆಯ ಹಿಂದಿರುವ ಮಸೂರವೇ ಮಬ್ಬಾಗುವ ಸ್ಥಿತಿಯದು. ಮಸೂರಕ್ಕೆ ರಕ್ತನಾಳಗಳಿಲ್ಲ. ಅದರ ಹಳೆಯ ಎಳೆಗಳು ಚರ್ಮದಂತೆ ಉದುರಿಹೋಗದೆ ಒಳಗೊಳಗೇ ಒತ್ತಿಕೊಳ್ಳುತ್ತವೆ. ನಟ್ಟನಡುವಿನ ಪ್ರೋಟೀನು ಹುಟ್ಟುವ ಮೊದಲೇ ರೂಪುಗೊಂಡದ್ದು. ಅದು ರೂಪಗೆಟ್ಟು ಗಂಟುಗಟ್ಟಿದ ಮೇಲೆ ಹೊರಗಿನಿಂದ ಹನಿಸಿದ ರಸಕ್ಕೆ ಅಲ್ಲಿ ಮಾಡುವ ಕೆಲಸವಿಲ್ಲ. ಆಧುನಿಕ ವಿಜ್ಞಾನವೂ ಇಂಥ ಮದ್ದನ್ನು ಅರಸಿದೆ. ಲ್ಯಾನೊಸ್ಟಿರಾಲ್ ಎಂಬ ವಸ್ತು ನಾಯಿಗಳ ಮಸೂರದ ಮಬ್ಬನ್ನು ಕಡಿಮೆ ಮಾಡಿತೆಂದು 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿಯಾಯಿತು. ಬೇರೆ ಸಂಶೋಧಕರು ಹೊರತೆಗೆದ ಮಾನವ ಮಸೂರಗಳ ಮೇಲೆ ಪರೀಕ್ಷಿಸಿದಾಗ ಆ ಫಲ ಕಾಣಲಿಲ್ಲ. ಶಸ್ತ್ರಕ್ರಿಯೆಗೆ ಬದಲಾಗಬಲ್ಲ ಔಷಧ ಇಂದಿಗೂ ಇಲ್ಲ.

ಹಾಗಿದ್ದರೂ ಗುಣ ಕಂಡೆವೆನ್ನುವವರು ಸುಳ್ಳಾಡುತ್ತಿಲ್ಲ. ಪೊರೆಯ ಒಂದು ಬಗೆಯಲ್ಲಿ ಮಸೂರದ ನಡುಭಾಗ ಗಟ್ಟಿಯಾಗುತ್ತ ಹೋದಂತೆ ಹತ್ತಿರದ ನೋಟ ಕೆಲಕಾಲ ಸುಧಾರಿಸುವುದುಂಟು. ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಿದ ಅಜ್ಜಿ ಆ ಯಶಸ್ಸನ್ನು ಮದ್ದಿಗೆ ಸಲ್ಲಿಸುವುದು ಸಹಜ. ಇದಲ್ಲದೆ, ಕರಿಗುಡ್ಡೆಯ ಮೇಲೆ ಕಾಣುವ ಬಿಳಿ ಕಲೆಯಾದ 'ಹೂವು' ಮತ್ತು ಪೊರೆ ಮಾತಿನಲ್ಲಿ ಒಂದರೊಳಗೊಂದು ಬೆರೆತುಹೋಗುತ್ತವೆ.

ಮದ್ದು ದೇಸಿ, ಶಸ್ತ್ರ ಪರಕೀಯ ಎಂಬ ವಿಂಗಡಣೆಯೂ ನಿಲ್ಲುವುದಿಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರವು ತಿಮಿರಕ್ಕೆ ಅಂಜನಾದಿಗಳನ್ನು ಹೇಳಿದರೂ ಕಫಜ ಲಿಂಗನಾಶಕ್ಕೆ ಶಲಾಕೆಯನ್ನೇ ವಿಧಿಸುತ್ತದೆ. 20ನೆಯ ಶತಮಾನದಲ್ಲಿ ಡಾ. ಎಂ.ಸಿ. ಮೋದಿಯವರು (1916-2005) ಊರೂರುಗಳ ಶಿಬಿರಗಳಲ್ಲಿ ಪೊರೆ ತೆಗೆದಾಗ ಜನ ಅವರನ್ನು 'ಕಣ್ಣು ಕೊಟ್ಟ ಅಣ್ಣ' ಎಂದು ಕರೆದರು. ಶಸ್ತ್ರಕ್ಕೆ ಜನಪದರು ಸದಾ ವಿಮುಖರೆನ್ನುವವರು ಈ ಹೆಸರನ್ನು ಗಮನಿಸಬೇಕು.

'ಪೊರೆ ಬಲಿಯಲಿ' ಎಂಬ ಮಾತನ್ನು ಕುರಿತು ಎಚ್ಚರ ಅಗತ್ಯ. ಇದು ಹಳೆಯ ಶಸ್ತ್ರವಿಧಾನದ ಕಾಲದ ವೈದ್ಯರ ಮಾತು. ಈಗ ಬಲಿಯುವವರೆಗೆ ಕಾಯಬೇಕಾಗಿಲ್ಲ. ಆದರೆ ಮದ್ದು ಹಾಕುತ್ತ ಕಾಯುವುದಕ್ಕೆ ಇದೇ ಮಾತು ಸಮರ್ಥನೆಯಾಗುತ್ತದೆ. ಅತಿಯಾಗಿ ಬಲಿತ ಪೊರೆಯಿಂದ ಕಣ್ಣಿನೊಳಗಿನ ಒತ್ತಡ ಏರಿ, ಆಮೇಲೆ ಶಸ್ತ್ರಕ್ರಿಯೆಯಿಂದಲೂ ಮರಳದಂತೆ ದೃಷ್ಟಿ ಹೋಗಬಹುದು. ಶುದ್ಧವಲ್ಲದ ರಸ, ಹಾಲುಗಳಿಂದ ಕರಿಗುಡ್ಡೆಗೆ ಹುಣ್ಣಾಗುವ ಅಪಾಯ ಬೇರೆ.

ಗ್ರಂಥಾಲಯ ಸೇರಿದ ಸಂಗ್ರಹವನ್ನು ಸಂಶೋಧಕರಷ್ಟೇ ಓದುವುದಿಲ್ಲ. ಮುದ್ರಿತವಾದ ಮದ್ದಿಗೆ ಬಾಯಿಮಾತಿನ ಮದ್ದಿಗಿಲ್ಲದ ಅಧಿಕಾರ ಬರುತ್ತದೆ. ವಕ್ತೃವಿನ ಮಾತನ್ನು ಸಂಪಾದಕರು ತಿದ್ದಬೇಕಾಗಿಲ್ಲ. ಆದರೆ ಆತ ಪೊರೆಯೆಂದದ್ದು ಯಾವುದನ್ನು, ಮದ್ದು ಹಾಕಿದ ಕಣ್ಣು ಮುಂದೆ ಏನಾಯಿತು ಎಂಬೆರಡು ಸಂಗತಿಗಳನ್ನು ಕ್ಷೇತ್ರಕಾರ್ಯದಲ್ಲಿಯೇ ಕೇಳಿ, ಅದೇ ಪುಟದ ಟಿಪ್ಪಣಿಯಲ್ಲಿ ನಮೂದಿಸಬೇಕು.