‘ಇವಂಗ ಏನಾಗೈತ್ರಿ?’

ದೇವದುರ್ಗ ಸೀಮೆಯ ಗಬ್ಬೂರಿನಂಥ ಊರಿನಲ್ಲಿ ಮಕ್ಕಳ ಕಣ್ಣಿಗೆ ಯಾವುದೂ ಮರೆಯಿಲ್ಲ. ಅಂಗನವಾಡಿಗೆ ಹೊಸದಾಗಿ ಬಂದ ಹುಡುಗನ ಕಾಲುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಬಾಯಿಂದ ಜೊಲ್ಲು ಇಳಿಯುತ್ತದೆ, ಮಾತು ಎಳೆದೆಳೆದು ಬರುತ್ತದೆ. ಇದನ್ನೆಲ್ಲ ನಾಲ್ಕು ವರ್ಷದ ಕೂಸು ಮೊದಲ ದಿನವೇ ಗಮನಿಸಿ, ಎಲ್ಲರೆದುರು ಕೇಳಿಯೂ ಬಿಡುತ್ತದೆ: ‘ಟೀಚರ್‍ರೀ, ಇವಂಗ ಏನಾಗೈತ್ರಿ?’ ಆಗ ದೊಡ್ಡವರು ‘ಸುಮ್ನಿರು, ಹಂಗೆಲ್ಲ ಕೇಳಬಾರದು’ ಎಂದು ಬಾಯಿ ಮುಚ್ಚಿಸುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಮಗು ಅದರಿಂದ ಕಲಿಯುವುದು ಬೇರೆ: ಈ ಹುಡುಗನ ವಿಷಯ ಆಡಬಾರದ್ದು, ಅಂದರೆ ಇವನಲ್ಲಿ ಏನೋ ಕೆಟ್ಟದ್ದಿದೆ. ಅಡ್ಡಹೆಸರು ಕಟ್ಟುವುದು, ಆಟದಿಂದ ದೂರವಿಡುವುದು ಅಲ್ಲಿಂದಲೇ ಶುರು.

ಉತ್ತರ ಹೇಳಬೇಕಾದರೆ ಮೊದಲು ನಮಗೆ ಗೊತ್ತಿರಬೇಕು. ಇದನ್ನು ವೈದ್ಯರು ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ, ಚಿಕ್ಕದಾಗಿ ಸಿ.ಪಿ. ಬೆಳೆಯುತ್ತಿರುವ ಎಳೆಯ ಮಿದುಳಿಗೆ ಆದ ಪೆಟ್ಟಿನಿಂದ ಮೈಯ ಚಲನೆಯ ಮೇಲಿನ ಹಿಡಿತ ತಪ್ಪುವ ಸ್ಥಿತಿ ಇದು. ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್ 1861ರಲ್ಲಿ ಇದನ್ನು ಕಷ್ಟದ ಹೆರಿಗೆಯ ಜೊತೆ ಜೋಡಿಸಿ ವಿವರಿಸಿದ. ಎಷ್ಟೋ ಮಕ್ಕಳಲ್ಲಿ ಪೆಟ್ಟು ಗರ್ಭದಲ್ಲೇ ಆಗಿರುತ್ತದೆ ಎಂಬುದು ಈಗ ಗೊತ್ತಾಗಿದೆ. ದಿನ ತುಂಬದೆ ಹುಟ್ಟಿದ, ಹುಟ್ಟಿದಾಗ ಉಸಿರು ಕಟ್ಟಿದ, ಹಸುಗೂಸಾಗಿದ್ದಾಗ ಕಾಮಾಲೆ ಮಿದುಳಿಗೆ ಏರಿದ, ಮಿದುಳುಜ್ವರ ಬಂದ ಮಕ್ಕಳಲ್ಲೂ ಆಗಬಹುದು. ಗ್ರಹಣದ ದಿನ ತಾಯಿ ಹೊರಗೆ ಬಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಒಂದು ಮಾತನ್ನು ಓಣಿಯ ಹಿರಿಯ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಿದರೆ ಎಷ್ಟೋ ತಾಯಂದಿರು ತಲೆ ಎತ್ತಿ ತಿರುಗಾಡಿಯಾರು.

ಮಕ್ಕಳಿಗೆ ಹೇಗೆ ಹೇಳುವುದು? ದೇವದುರ್ಗ ಸೀಮೆಯ ಮಕ್ಕಳಿಗೆ ನಾರಾಯಣಪುರ ಬಲದಂಡೆ ಕಾಲುವೆ ಗೊತ್ತು. ‘ಹೊಲ ಚಲೋ ಐತಿ, ಕಾಲುವ್ಯಾಗ ನೀರೂ ಐತಿ. ಆದ್ರ ತೂಬಿನ ಗೇಟು ಕೆಟ್ಟೈತಿ. ಒಮ್ಮೆ ನೀರು ಜಾಸ್ತಿ ನುಗ್ಗತೈತಿ, ಒಮ್ಮೆ ಬರೂದೇ ಇಲ್ಲ. ಇವನ ಕೈಕಾಲು ಚಲೋ ಅದಾವು, ಮಿದುಳಿನಿಂದ ಅವಕ್ಕ ಹೋಗೂ ಸುದ್ದಿ ಸರಿಯಾಗಿ ಮುಟ್ಟೂದಿಲ್ಲ’ ಎಂದರೆ ಐದು ವರ್ಷದವರಿಗೂ ತಿಳಿಯುತ್ತದೆ. ಆದರೆ ಕೆಟ್ಟ ಗೇಟನ್ನು ರಿಪೇರಿ ಮಾಡಬಹುದು, ಮಿದುಳಿಗಾದ ಗಾಯವನ್ನು ಅಳಿಸಲಾಗದು ಎನ್ನುವುದನ್ನೂ ಸೇರಿಸಿ ಹೇಳಬೇಕು. ಗಾಯ ಹೆಚ್ಚುತ್ತಾ ಹೋಗುವುದಿಲ್ಲ. ಹಾಗೆಂದು ಬಿಟ್ಟರೆ ಸ್ನಾಯು ಬಿಗಿಯುತ್ತವೆ, ಕೀಲು ಸೊಟ್ಟಗಾಗುತ್ತವೆ. ಅದಕ್ಕೇ ದಿನಾ ಕೈಕಾಲು ಆಡಿಸುವ ವ್ಯಾಯಾಮ.

ಮುಂದಿನ ಪ್ರಶ್ನೆ ಖಂಡಿತ ಬರುತ್ತದೆ: ‘ನನಗೂ ಬರ್ತೈತೇನ್ರಿ?’ ಇಲ್ಲ. ಜೊತೆಗೆ ಕೂತರೆ, ಕೈ ಹಿಡಿದರೆ, ಒಂದೇ ತಟ್ಟೆಯಲ್ಲಿ ಉಂಡರೆ ಅಂಟುವುದಿಲ್ಲ. ಜೊಲ್ಲಿನ ಬಗ್ಗೆಯೂ ಕೇಳುತ್ತಾರೆ. ಅವನ ಬಾಯಲ್ಲಿ ಜೊಲ್ಲು ನಮಗಿಂತ ಹೆಚ್ಚು ಊರುತ್ತದೆಂದಲ್ಲ. ತುಟಿ ಮುಚ್ಚಿ ನುಂಗುವ ಸ್ನಾಯುಗಳು ಹೊಂದಿ ಕೆಲಸ ಮಾಡದ್ದರಿಂದ ಹೊರಗೆ ಹರಿಯುತ್ತದೆ. ಕಾರಣ ತಿಳಿದ ಮಗು ಹೇಸುವುದು ಕಡಿಮೆ.

ಮಾತಿನದು ದೊಡ್ಡ ವಿಷಯ. ಸಿ.ಪಿ. ಇರುವ ಪ್ರತಿ 4 ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಮಾತು ಬರುವುದಿಲ್ಲ. ಆದರೆ ಸುಮಾರು ಅರ್ಧದಷ್ಟು ಮಕ್ಕಳ ಬುದ್ಧಿಯ ಬೆಳವಣಿಗೆಗೆ ಯಾವ ತೊಡಕೂ ಇರುವುದಿಲ್ಲ. ಮಾತು ಬಾರದವರಿಗೆ ತಿಳಿಯುವುದೂ ಇಲ್ಲವೆಂದು ಎಣಿಸುವುದು ನಾವು ಮಾಡುವ ಅತಿ ದೊಡ್ಡ ಅನ್ಯಾಯ. ಸಿ.ಪಿ. ಇರುವ ಮುಂಬೈನ ಮಾಲಿನಿ ಚಿಬ್ ಅವರ ಮಾತು ಹೊಸಬರಿಗೆ ತಿಳಿಯುವುದು ಕಷ್ಟ. ಅವರು ಲಂಡನ್ನಿನಲ್ಲಿ ಎರಡು ಸ್ನಾತಕೋತ್ತರ ಪದವಿ ಪಡೆದು, ಒಂದೇ ಬೆರಳಿನಿಂದ ಟೈಪ್ ಮಾಡಿ ಬರೆದ ಆತ್ಮಕಥೆ 2010ರಲ್ಲಿ ಪ್ರಕಟವಾಯಿತು. ಅವರಿಗಾಗಿಯೇ ತಾಯಿ ಮಿಥು ಅಲೂರ್ 1972ರಲ್ಲಿ ಮುಂಬೈಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಕಟ್ಟಿದರು. ಬೆಂಗಳೂರಿನಲ್ಲಿ 1980ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಶುರುವಾಯಿತು. ನಮ್ಮ ಮಕ್ಕಳಿಗೆ ಕಲಿಸಬೇಕಾದ್ದು ಕಾಯುವುದನ್ನು. ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಹತ್ತು ಎಣಿಸಿ, ಅವನ ಕಣ್ಣು ನೋಡು. ಕಣ್ಣು ಮೇಲೆತ್ತಿದರೆ ‘ಹೌದು’ ಎಂದು ಅವನ ಜೊತೆ ಮಾಡಿಕೊಂಡ ಒಪ್ಪಂದ ಇಡೀ ಓಣಿಗೆ ಗೊತ್ತಿರಲಿ. ನೀರು, ರೊಟ್ಟಿ, ಸಂಡಾಸು, ನೋವು, ಆಟ, ಸಾಕು ಎಂಬ ಚಿತ್ರಗಳನ್ನು ಒಂದು ರಟ್ಟಿಗೆ ಅಂಟಿಸಿ ಕೊಟ್ಟರೆ ತೋರಿಸಿ ಹೇಳುವವನಿಗೂ ಕೇಳುವವರಿಗೂ ದಾರಿಯಾಗುತ್ತದೆ.

ಆಟದಲ್ಲಿ ಮಕ್ಕಳು ನಮಗಿಂತ ಜಾಣರು. ‘ಇವನೂ ಆಡಬೇಕು, ಹೆಂಗ?’ ಎಂದು ಅವರನ್ನೇ ಕೇಳಿ. ಚೌಕಾಬಾರದಲ್ಲಿ ಕವಡೆಯನ್ನು ಮುಷ್ಟಿಯಲ್ಲಿ ಹಿಡಿದು ಚೆಲ್ಲಲಾಗದವನಿಗೆ ಲೋಟದಲ್ಲಿ ಹಾಕಿಕೊಟ್ಟರೆ ಮಗುಚಬಲ್ಲ. ಯಾವ ಕಾಯಿ ನಡೆಸಬೇಕೆಂದು ಕಣ್ಣಿನಲ್ಲೇ ಹೇಳಬಲ್ಲ. ಕಡಿಯುವ ಅವಕಾಶ ಬಂದಾಗ ಕನಿಕರದಿಂದ ಬಿಟ್ಟುಕೊಡುವುದು ಬೇಡ. ಸೋಲುವುದೂ ಆಟದ ಪಾಲೇ.

ಕೆಲವು ಎಚ್ಚರಿಕೆಗಳನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಹಿಂದಿನಿಂದ ಬಂದು ಚಪ್ಪಾಳೆ ಹೊಡೆದು ಹೆದರಿಸಬಾರದು, ಅವನ ಮೈ ಒಮ್ಮೆಲೇ ಸೆಟೆದುಕೊಳ್ಳುತ್ತದೆ. ರಟ್ಟೆ ಹಿಡಿದು ಎಳೆಯಬಾರದು. ಶೇಂಗಾ ಚಿಕ್ಕಿಯನ್ನು ಪ್ರೀತಿಯಿಂದಲೇ ಆದರೂ ಬಾಯಿಗೆ ತುರುಕಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮಲಗಿಸಿ ಉಣಿಸುವುದೂ ಅಪಾಯ. ಪಾದ ನೆಲಕ್ಕೆ ಊರುವಂತೆ, ಬೆನ್ನಿಗೂ ಪಕ್ಕಗಳಿಗೂ ಆಸರೆ ಇರುವಂತೆ ಊರ ಬಡಿಗೇರರಿಂದ ಒಂದು ಕುರ್ಚಿ ಮಾಡಿಸಿದರೆ ಊಟ, ಓದು, ಆಟ ಮೂರೂ ಸಲೀಸು. ಅಳತೆಯನ್ನು ಫಿಸಿಯೋಥೆರಪಿಯವರಿಂದ ಕೇಳಿಕೊಳ್ಳಿ.

ಇಷ್ಟೆಲ್ಲ ಇತರ ಮಕ್ಕಳಿಗಾಯಿತು. ಸಿ.ಪಿ. ಇರುವ ಮಗುವಿಗೆ ತನ್ನ ಮೈಯ ಬಗ್ಗೆ ಹೇಳುವವರು ಯಾರು? ಅದರ ತಲೆಯ ಮೇಲೆಯೇ ಡಾಕ್ಟರು, ಅಪ್ಪ, ಅವ್ವ ಮಾತಾಡಿಕೊಳ್ಳುತ್ತಾರೆ. ‘ನಾ ದೊಡ್ಡಾಕಿ ಆದ್ಮ್ಯಾಲ ನಡೀತೀನಿಲ್ಲವ್ವ?’ ಎಂದು ಕೇಳಿದರೆ ‘ಹರಕೆ ಹೊತ್ತೀವಿ, ನಡೀತಿ’ ಎಂದು ಸಾಗಹಾಕಬೇಡಿ. ಎರಡು ವರ್ಷದೊಳಗೆ ತಾನಾಗಿ ಕೂರಲು ಕಲಿತ ಮಗು ಮುಂದೆ ನಡೆಯುವ ಸಾಧ್ಯತೆ ಹೆಚ್ಚು. ಕೂರಲು ಬಾರದ ಮಗುವಿಗೆ ಗಾಲಿಕುರ್ಚಿಯೇ ಕಾಲಾಗಬಹುದು. ‘ನಡಿಯಾಕ ಆಗದಿದ್ರೂ ನೀ ಸಾಲಿಗೆ ಹೋಗ್ತಿ, ಗಾಡಿ ಮ್ಯಾಲ ಹೋಗ್ತಿ’ ಎಂಬ ಉತ್ತರದಲ್ಲಿ ಮೋಸವಿಲ್ಲ.

ಆ ಶಾಲೆ ಅದರ ಹಕ್ಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಒಂದು. 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಿ ಉಚಿತ ಶಿಕ್ಷಣವನ್ನು ಅದು ಕೊಡುತ್ತದೆ. ಮನೆಗೇ ಹೋಗಿ ಕಲಿಸುವ ಏರ್ಪಾಡು ಬರಲು ಸಾಧ್ಯವೇ ಇಲ್ಲದ ಮಗುವಿಗಾಗಿ ಇರುವುದು. ಕರೆತರುವುದು ತ್ರಾಸು ಎಂಬ ಕಾರಣಕ್ಕೆ ಮಗುವನ್ನು ಮನೆಯಲ್ಲೇ ಉಳಿಸಿದರೆ, ಉಳಿದ ಮಕ್ಕಳು ಅದನ್ನು ಅರಿಯುವುದಾದರೂ ಎಲ್ಲಿ?

ಕೊನೆಯದಾಗಿ, ಅಕ್ಕತಂಗಿಯರು. ಮಳೆ ಕೈಕೊಟ್ಟ ವರ್ಷ ಅಪ್ಪ ಅವ್ವ ಬೆಂಗಳೂರಿಗೋ ಪುಣೆಗೋ ಗುಳೆ ಹೋದರೆ, ಹತ್ತು ವರ್ಷದ ಅಕ್ಕನೇ ಶಾಲೆ ಬಿಟ್ಟು ತಮ್ಮನನ್ನು ನೋಡಿಕೊಳ್ಳಬೇಕಾದೀತು. ಅವಳಿಗೂ ಸಿಟ್ಟಿದೆ, ಭಯವಿದೆ, ‘ನನ್ನಿಂದಲೇ ಹಿಂಗಾತೇನು’ ಎಂಬ ಬಾಯಿಬಿಡದ ಗುಮಾನಿಯಿದೆ. ಅವಳನ್ನು ಬೇರೆ ಕೂರಿಸಿಕೊಂಡು ಮಾತಾಡಿ. ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡು ತಮ್ಮನಿಗೆ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು, ಪಿಂಚಣಿ, ಸಾಧನ ಸಲಕರಣೆಗೆ ಅರ್ಜಿ ಹಾಕಿಸಿ, ಚಿಕಿತ್ಸೆಗೆ ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ವಿಚಾರಿಸಿ. ಮತ್ತು ಅಕ್ಕನ ಹೆಸರು ಹಾಜರಿ ಪುಸ್ತಕದಿಂದ ಹೋಗದಂತೆ ಹೆಡ್ ಮಾಸ್ತರಿಗೆ ಅದೇ ದಿನ ಹೇಳಿ ಬನ್ನಿ.